ನಾನು ಹರಿದಿಟ್ಟುಕೊಂಡ ಅರ್ಧ

ಮಗನೇ,

ನಿನ್ನ ವಿಳಾಸ ಗೊತ್ತಿಲ್ಲ, ಆದರೂ ಕೇಳು, ನಿನ್ನಪ್ಪ ಭರ್ಜರಿ ಎಡವಟ್ಟು ಮಾಡಿದ! ಗಂಡನ್ನು ಪ್ರೀತಿಸುವ ಗಂಡುಮಕ್ಕಳು, ಹೆಣ್ಣನ್ನು ಪ್ರೀತಿಸುವ ಹೆಣ್ಣುಮಕ್ಕಳು ಮನೆಯಲ್ಲಿ ಹೇಳಲಾಗದೆ ಒದ್ದಾಡುವಾಗ ಕರೆ ಮಾಡಬಹುದಾದ ಸಹಾಯವಾಣಿಯ ನಂಬರನ್ನು ನಮ್ಮ ನಾಟಕದ ಟಿಕೆಟ್ಟಿನ ಮೇಲೆ ಅಚ್ಚು ಹಾಕಿಸಿದೆ. ಬಾಗಿಲಲ್ಲಿ ನಾವು ಹರಿದಿಟ್ಟುಕೊಳ್ಳುವ ಅರ್ಧದಲ್ಲೇ ಅದು ಬಿದ್ದಿತ್ತು. ಅಷ್ಟೂ ನಂಬರು ನನ್ನ ಡಬ್ಬಿಯಲ್ಲಿ!

ಮಧ್ಯಂತರದಲ್ಲಿ ಶಾಲಾ ಸಮವಸ್ತ್ರದ ಹುಡುಗಿಯೊಬ್ಬಳು ಬಂದಳು.

“ಅಂಕಲ್, ಆ ಅರ್ಧ ವಾಪಸ್ ಕೊಡ್ತೀರಾ? ಹರಿಯೋ ಮುಂಚೆ ನೋಡ್ದೆ.”

“ಯಾಕಮ್ಮಾ?” ಎಂದು ಗುಡುಗಿದೆ.

“ಮೆತ್ತಗೆ ಮಾತಾಡಿ ಅಂಕಲ್, ನಮ್ಮಪ್ಪ ಅಲ್ಲೇ ಇದಾರೆ.”

ಜೀವಮಾನದಲ್ಲಿ ಮೊದಲ ಸಲ ದನಿ ತಗ್ಗಿಸಿ, ಚೂರನ್ನು ಅವಳ ಅಂಗೈಗಿಟ್ಟೆ.

ನೀನೂ ಅದನ್ನೇ ಹೇಳಲು ಬಂದ ದಿನ ಇಂಥ ಚೀಟಿ ಇರಲಿಲ್ಲ. ನನ್ನ ದನಿ ಇತ್ತು, ನಿನ್ನನ್ನು ಬೀದಿಯ ತುದಿಯವರೆಗೂ ಅಟ್ಟಿದ ದನಿ.

ಅಪ್ಪ