ಆನೆ ದಾರಿಯಲ್ಲಿ ಹನ್ನೆರಡರ ಮಗ್ಗಿ

ಅಕ್ಕಾ, ನಿನ್ನ ಮಗಳ ತೊಟ್ಟಿಲಿಗೆ ನಾನು ಬಂದೇ ಬರುತ್ತೇನೆ! ಮೂರು ವಾರದ ಹಿಂದೆ ನಮ್ಮ ಎಸ್ಟೇಟಿನ ಗಂಗಣ್ಣನವರನ್ನು ಕಾಡುದಾರಿಯಲ್ಲಿ ಆನೆ ತುಳಿದು ಕೊಂದಾಗಿನಿಂದ ನಾನು ಹೊಸಿಲು ದಾಟಿರಲಿಲ್ಲ. ಬಸ್ಸಿಗೆ ಹೋಗಲು ಇರುವುದು ಅದೊಂದೇ ದಾರಿ. ಇವರು ಎಷ್ಟು ಕರೆದರೂ ಅಳುತ್ತಿದ್ದೆ. ಮದುವೆಯಾಗಿ ಎರಡೇ ತಿಂಗಳಿಗೆ ಹೀಗೆ!

ಶನಿವಾರ ತೋಟದ ಕೆಲಸದವರ ಲೈನ್‌ಮನೆಯ ಹೆಂಗಸರು ತಿತಿಮತಿ ಅಂಗಡಿಗೆ ಹೊರಟವರು ನನ್ನನ್ನೂ ಎಳೆದುಕೊಂಡು ಹೋದರು. ನಾನು ಉಸಿರು ಬಿಗಿಹಿಡಿದು ಸದ್ದಿಲ್ಲದೆ ನಡೆಯುತ್ತಿದ್ದೆ. ಗಂಗಣ್ಣನವರ ಹೆಂಡತಿ ಶಿವಮ್ಮ ತಿರುಗಿ ಗದರಿದರು: "ಹಿಂಗೆ ಸುಮ್ನೆ ನಡಿಬ್ಯಾಡಿ ಮೇಡಮ್ಮೋರೇ, ನಾವ್ ಬರೋದು ಆನೆಗೆ ಗೊತ್ತಾಗ್ಬೇಕು. ನಮ್ಮೆಜಮಾನ್ರದ್ದು ಮೊದ್ಲಿಂದ್ಲೂ ಮಾತು ಕಮ್ಮಿ. ನೀವಾದ್ರೂ ಕೂಗಿ."

ಏನೂ ತೋಚದೆ ಹನ್ನೆರಡರ ಮಗ್ಗಿಯನ್ನು ಇಂಗ್ಲಿಷಿನಲ್ಲಿ ಕಿರುಚಿದೆ! "ಲೆಕ್ಕ ಅಂದ್ರೆ ಆನೆನೂ ಇಸ್ಕೂಲ್ ಬಿಟ್ಟು ಓಡ್ತದೆ" ಎಂದು ಒಬ್ಬಾಕೆ ಅಂದಾಗ ಎಲ್ಲರೂ ನಕ್ಕರು. ಗಂಗಣ್ಣನವರು ಬಿದ್ದಿದ್ದ ತಿರುವು ಬಂದಾಗ ಶಿವಮ್ಮ ನನ್ನ ಕೈ ಹಿಡಿದರು. ನಾನು ಇನ್ನೂ ಜೋರಾಗಿ ಕೂಗಿದೆ.

ಭಾನುವಾರ ನಾನೂ ಇವರೂ ಹೊಳೆದಂಡೆಗೆ ಬುತ್ತಿ ಕಟ್ಟಿಕೊಂಡು ಹೋಗಿದ್ದೆವು. ಎಷ್ಟು ಚೆಂದ ಗೊತ್ತಾ! ಗಂಟಲು ಪೂರಾ ಕಟ್ಟಿದೆ, ಆದರೆ ಊಟ ಸೇರುತ್ತಿದೆ ಎಂದು ಅಮ್ಮನಿಗೆ ಹೇಳು.

ಗುರುವಾರ ಬಸ್ಸಿನವರೆಗೆ ಶಿವಮ್ಮನೇ ಬಿಡುತ್ತಾರಂತೆ. ವಾಪಸ್ ಹೋಗುವಾಗ ಅವರು ಒಬ್ಬರೇ ಆಗಬಾರದೆಂದು ಇವರನ್ನೂ ಜೊತೆಗೆ ಕರೆದಿದ್ದೇನೆ. ಇವರಿಗೂ ಮಾತು ಕಡಿಮೆ ಅಕ್ಕಾ, ಮಗ್ಗಿ ಕಲಿಸುತ್ತಿದ್ದೇನೆ. ಕಾರ್ಡು ತುಂಬಿತು.

ಮೈಸೂರಿನಿಂದ ಧಾರವಾಡಕ್ಕೆ ಬರುವ ರಾತ್ರಿ ರೈಲಿನಲ್ಲಿ ಶುಕ್ರವಾರ ಬೆಳಿಗ್ಗೆ ಬಂದಿಳಿಯಲಿರುವ, ನಿನ್ನ ಪಲ್ಲವಿ.