ಬೆನ್ನು ಬಿಸಿಯಿದ್ದ ಆರನೆಯ ಪೆಟ್ಟಿಗೆ

ಬಾವಲಿ
17 ನವೆಂಬರ್ 2024, ಭಾನುವಾರ

ಪ್ರೀತಿಯ ಮಗಳು ಗ್ರೀಷ್ಮಳಿಗೆ,

ಕೆಮ್ಮು ಬಿಟ್ಟಿತೇ? ಅಪ್ಪ ಕೊಟ್ಟ ಜೇನು ದಿನಕ್ಕೊಂದು ಚಮಚ ನೆಕ್ಕು, ಗೆಳತಿಯರಿಗೆ ಹಂಚಿ ಒಂದೇ ದಿನಕ್ಕೆ ಖಾಲಿ ಮಾಡಬೇಡ. ನಿನ್ನ ಹಾಸ್ಟೆಲಿನಲ್ಲಿ ಫೋನು ಕೊಡದಿರುವುದು ಒಂದು ರೀತಿಯಲ್ಲಿ ಒಳ್ಳೆಯದೇ ಆಯಿತು. ಹೀಗೆ ಕಾಗದ ಬರೆಯದಿದ್ದರೆ ಹೊಳೆಯಾಚೆ ಬೈರಕುಪ್ಪೆಯ ಶಾಲೆಯಲ್ಲಿ ಏಳನೇ ಕ್ಲಾಸಿನವರೆಗೆ ಕಲಿತ ಕನ್ನಡ ನನ್ನ ಕೈತಪ್ಪಿ ಹೋಗುತ್ತಿತ್ತು. ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ. ಅಪ್ಪ ಕಾಫಿ ಕೊಯ್ಲಿಗೆ ಹೋಗುತ್ತಿದ್ದಾರೆ. ಹೋದ ವಾರ ಆನೆ ಬಂದು ಹಿತ್ತಲಿನ ಬಾಳೆ ಮುರಿಯಿತು, ಮನೆಗೇನೂ ಆಗಲಿಲ್ಲ.

ಆಸ್ಪತ್ರೆಯಲ್ಲಿ ನಡೆದದ್ದನ್ನು ನಿನಗೆ ಹೇಳದಿದ್ದರೆ ನನಗೆ ಸಮಾಧಾನವಿಲ್ಲ. ನಾನು ಗುಡಿಸಿ ಒರೆಸುವ ಸರ್ವರ್ ಕೋಣೆ ಹೊಸ ಕಟ್ಟಡಕ್ಕೆ ಹೋಗಲಿದೆ. ಆಸ್ಪತ್ರೆಯ ಕಂಪ್ಯೂಟರುಗಳಿಗೆಲ್ಲ ಬೇಕಾದ ಮಾಹಿತಿ ಇಟ್ಟುಕೊಂಡಿರುವ ದೊಡ್ಡ ಪೆಟ್ಟಿಗೆಗಳು ಅಲ್ಲಿವೆ. ಯಾವ ಸರ್ವರ್ ಎಲ್ಲಿದೆ, ಯಾವುದು ಯಾವುದನ್ನು ನಂಬಿಕೊಂಡಿದೆ ಎಂದು ಪೂರ್ತಿ ದಾಖಲೆ ಮಾಡಲು ಕೋಳಿಕ್ಕೋಡಿನಿಂದ ರೀನಾ ಎಂಬ ಇಂಜಿನಿಯರ್ ಬಂದರು. ನಂಬರಿನ ಸ್ಟಿಕ್ಕರ್ ಅಂಟಿಸುವ ಕೆಲಸ ನನ್ನದಾಯಿತು. ಆ ಕೋಣೆಯ ಕೀಲಿ ಆರು ವರ್ಷದಿಂದ ನನ್ನ ಹತ್ತಿರವೇ ಇರುವುದಲ್ಲವೇ?

ಪಟ್ಟಿಯಲ್ಲಿ ಹದಿನಾಲ್ಕು ಹೆಸರಿದ್ದವು. ಅಂಟಿಸಲು ಹೋದರೆ ಇದ್ದದ್ದು ಐದೇ ಪೆಟ್ಟಿಗೆ. ಎಸಿಯ ಹಿಂದೆ ನೋಡಿದೆ, ಮೆಟ್ಟಿಲ ಕೆಳಗೆ ನೋಡಿದೆ, ಹಳೆಯ ಮಂಚಗಳನ್ನು ರಾಶಿ ಹಾಕಿದ ಕಡೆಯೂ ನೋಡಿದೆ. ಒಂಬತ್ತು ಸ್ಟಿಕ್ಕರ್ ಕೈಯಲ್ಲೇ ಉಳಿದವು. ಮಗಳೇ, ಕದ್ದವಳು ನಾನೇ ಎನ್ನುತ್ತಾರೆ ಎಂದುಕೊಂಡೆ. ಹಿಂದೊಮ್ಮೆ ವಾರ್ಡಿನಲ್ಲಿ ಒಬ್ಬರ ವಾಚು ಕಾಣೆಯಾದಾಗ ಎಲ್ಲರಿಗಿಂತ ಮೊದಲು ನನ್ನ ಚೀಲ ಬಿಚ್ಚಿಸಿದ್ದರು, ನಿನಗೆ ಹೇಳಿರಲಿಲ್ಲ. ವಾಚು ಆಮೇಲೆ ಅವರ ದಿಂಬಿನ ಕೆಳಗೇ ಸಿಕ್ಕಿತು. ಕೀಲಿಯನ್ನು ರೀನಾ ಮೇಡಂ ಮೇಜಿನ ಮೇಲಿಟ್ಟು, "ನಾನೊಂದೂ ತೆಗ್ದಿಲ್ಲ ಮೇಡಂ, ಬೇಕಾದ್ರೆ ಮನೆಗೆ ಬಂದು ನೋಡಿ" ಎಂದೆ.

ಅವರು ನಗಲಿಲ್ಲ. ಅಕ್ಕನನ್ನು ಕರೆಯುವ ಹಾಗೆ ಕರೆದು, ಕುರ್ಚಿ ಎಳೆದು ಕೂರಿಸಿದರು. "ಚೇಚಿ, ಆ ಒಂಬತ್ತಕ್ಕೆ ಮೈಯೇ ಇಲ್ಲ. ಪಟ್ಟಿಯಲ್ಲಿ ಬೇರೆ ಬೇರೆ ಬರೆಯದೆ ಒಟ್ಟಿಗೆ ಹಾಕಿದ್ದು ಪಟ್ಟಿ ಮಾಡಿದವರ ತಪ್ಪು" ಎಂದು ಮಲಯಾಳದಲ್ಲಿ ಹೇಳಿ ಕಾಗದದ ಮೇಲೆ ಚೌಕ ಬರೆದರು. ಪೆಟ್ಟಿಗೆ ಇರುವ ಸರ್ವರ್ ಐದು. ಉಳಿದವು ಈ ಪೆಟ್ಟಿಗೆಗಳ ಒಳಗೇ ಓಡುವಂಥವು, ಅವಕ್ಕೂ ಸರ್ವರ್ ಎಂದೇ ಹೆಸರು, ಕೆಲಸವೂ ಅದೇ. ಕಾಟ್ಟಿಕುಳದಿಂದ ಕೂಲಿಗೆ ಹೋಗುವ ಜೀಪಿನ ಹಾಗೆ ಎಂದುಕೊಂಡೆ ನಾನು. ಜೀಪು ನಿಂತರೆ ಒಳಗೆ ಕೂತವರೆಲ್ಲ ಅಲ್ಲೇ. ಅದಕ್ಕೇ ಯಾರು ಯಾವ ಜೀಪಿನಲ್ಲಿದ್ದಾರೆಂದು ಬಾಣದ ಗುರುತು ಹಾಕಿ ಬರೆದಿಡುವುದಂತೆ. ಏಳಕ್ಕೆ ಬಾಣ ಹಾಕಿ ಆಗಿತ್ತು. ಎರಡು ಓಡುತ್ತಿವೆ, ಆದರೆ ಯಾವುದರೊಳಗೆ ಎಂದು ಗೊತ್ತಾಗುತ್ತಿಲ್ಲ ಎಂದು ಅವರು ತಲೆ ಹಿಡಿದುಕೊಂಡರು.

ಆಗ ನನಗೆ ಹಳೆಯ ಎಕ್ಸ್‌ರೇ ಕೋಣೆಯ ಬೀರುವಿನ ಹಿಂದಿನ ಪೆಟ್ಟಿಗೆ ನೆನಪಾಯಿತು. ಹೇಳಿದೆ. ಅವರು ಹಳೆಯ ಪುಸ್ತಕ ತೆಗೆದು ನೋಡಿ, ಅದನ್ನು ಎರಡು ವರ್ಷದ ಹಿಂದೆಯೇ ನಿಲ್ಲಿಸಿದ್ದೇವೆಂದು ಬರೆದಿದೆ ಎಂದರು. "ನಿಲ್ಸಿಲ್ಲ ಮೇಡಂ. ದಿನಾ ಒರೆಸ್ತೀನಿ, ಬೆನ್ನು ಬಿಸಿ ಇರ್ತದೆ" ಎಂದೆ. ಇಬ್ಬರೂ ಹೋಗಿ ಬೀರು ಸರಿಸಿದೆವು. ಅವರು ಅಂಗೈ ಇಟ್ಟು ನೋಡಿ, ಕೂಡಲೇ ತಮ್ಮ ಲ್ಯಾಪ್‌ಟಾಪ್ ತಂದು ಅದಕ್ಕೆ ಜೋಡಿಸಿದರು. ಕಳೆದುಹೋದ ಎರಡೂ ಅದರೊಳಗೇ ಇದ್ದವು. ಒಂದು ಯಾವುದೋ ಹಳೆಯ ಬಿಲ್ಲಿನದು. ಇನ್ನೊಂದು ರಕ್ತನಿಧಿಯದು: ಯಾರಿಗೆ ಯಾವ ಗುಂಪಿನ ರಕ್ತ, ಯಾವ ದಿನ ಬರಬೇಕು, ಯಾರಿಗೆ ಯಾವುದು ಆಗದು ಎಂಬುದೆಲ್ಲ. ರಕ್ತದ ಕಣ ಕುಡುಗೋಲಿನ ಹಾಗೆ ಬಾಗುವ ಅರಿವಾಳ್ ರೋಗ ಇರುವ, ಆಗಾಗ ರಕ್ತ ಬೇಕಾಗುವ ನಮ್ಮ ಆದಿವಾಸಿ ಕಾಲೊನಿಗಳವರೇ ಅದರಲ್ಲಿ ಹೆಚ್ಚು. ನಮ್ಮ ಚಾತಿ ಅತ್ತೆಯ ಹೆಸರನ್ನು ನಾನೇ ಓದಿದೆ. ಸೋಮವಾರ ಆ ಕೋಣೆಯ ಕರೆಂಟು ತೆಗೆದು ಗೋಡೆ ಕೆಡಹುವುದಿತ್ತು. ನಾವು ಅಲ್ಲಿ ನಿಂತದ್ದು ಅದರ ಹಿಂದಿನ ಶುಕ್ರವಾರ ಸಂಜೆ.

ಕೆಡಹುವುದನ್ನು ನಿಲ್ಲಿಸಿದರು. ಮೊನ್ನೆ ಗುರುವಾರ ಎರಡನ್ನೂ ಬೇರೆ ಪೆಟ್ಟಿಗೆಗೆ ಸಾಗಿಸಿದರು, ರಕ್ತ ಕೊಡುವ ಕೌಂಟರಿನವರಿಗೆ ತಿಳಿಯಲೂ ಇಲ್ಲ. ದಾಖಲೆಯಲ್ಲಿ ಆರನೆಯ ಪೆಟ್ಟಿಗೆಯನ್ನು ಸೇರಿಸುವಾಗ 'ಮಾಹಿತಿ ಕೊಟ್ಟವರು' ಎಂಬ ಕಡೆ ಮ್ಯಾನೇಜರ್ ಅಚ್ಯುತನ್ ಸಾರ್ ಹೌಸ್‌ಕೀಪಿಂಗ್ ಎಂದು ಹಾಕಿದರೆ ಸಾಕು ಎಂದರು. ರೀನಾ ಮೇಡಂ ನನ್ನ ಕಡೆ ತಿರುಗಿ ಪೂರ್ತಿ ಹೆಸರು ಕೇಳಿದರು. ಶಾಂತ ಕರಿಯನ್, ಬಾವಲಿ ಎಂದು ಕಂಪ್ಯೂಟರಿನಲ್ಲಿ ಒತ್ತಿ, ಸರಿಯಾಗಿದೆಯಾ ನೋಡಿ ಎಂದು ಪರದೆಯನ್ನು ನನ್ನ ಕಡೆ ತಿರುಗಿಸಿದರು. ಬಸ್ಸಿನಲ್ಲಿ ಕಾಟ್ಟಿಕುಳಂ ದಾಟುವವರೆಗೂ ನನಗೆ ಅಳು ಬರುತ್ತಿತ್ತು, ಯಾಕೆಂದು ತಿಳಿಯದು. ಅಪ್ಪನಿಗೆ ಹೇಳಿದರೆ, "ಉಳಿದ ಸ್ಟಿಕ್ಕರ್ ಇದ್ರೆ ನನ್ ಬೆನ್ನಿಗೂ ಒಂದ್ ಅಂಟ್ಸು, ಎಲ್ಲಾದ್ರೂ ಕಳ್ದೋದೇನು" ಎಂದು ನಕ್ಕರು. ಆಮೇಲೆ ಅವರೇ ಚಾಯ ಮಾಡಿ ಕೊಟ್ಟರು.

ಬೆಳಿಗ್ಗೆ ಮಂಜು ಬೀಳುತ್ತಿದೆ, ಕಿವಿಗೆ ಬಟ್ಟೆ ಕಟ್ಟಿಕೊ. ಗಣಿತಕ್ಕೆ ಹೆದರಬೇಡ. ನನ್ನ ಕೈ ನಿನ್ನ ತಲೆಯ ಮೇಲೆ ಇದ್ದೇ ಇದೆ.

ನಿನ್ನ ಅಮ್ಮ,
ಶಾಂತ

ಬರೆಯಲು ಬಿಟ್ಟುಹೋದದ್ದು: ಮುಂದಿನ ಶನಿವಾರ ತಾಯಿತಂದೆಯರ ಸಭೆಗೆ ಸುಮೇಶ್ ಮಾವ ಬರಲಿ, ಅಮ್ಮನಿಗೆ ರಜೆ ಸಿಕ್ಕದು ಎಂದು ಬರೆದಿದ್ದೆಯಲ್ಲ. ಮಾವ ಫಾರೆಸ್ಟ್ ವಾಚರ್, ಯೂನಿಫಾರಂ ಹಾಕಿದರೆ ಚಂದ ಕಾಣುತ್ತಾನೆ, ನಿಜ. ನೀನು ಯಾಕೆ ಹಾಗೆ ಬರೆದೆ ಎಂದು ನನಗೆ ಗೊತ್ತು, ಕೋಪವಿಲ್ಲ. ರಜೆ ಸಿಕ್ಕಿದೆ, ನಾನೇ ಬರುತ್ತೇನೆ. ನಿನ್ನ ಅಮ್ಮನಿಗೆ ಏನು ಕೆಲಸ ಎಂದು ಯಾರಾದರೂ ಕೇಳಿದರೆ ನೀನು ತಲೆ ತಗ್ಗಿಸಿ ನಿಲ್ಲಬೇಡ ಮಗಳೇ. ನಾನು ಪಕ್ಕದಲ್ಲೇ ಇರುತ್ತೇನೆ, ನಾನೇ ಹೇಳುತ್ತೇನೆ.