ಮೊಳೆಗೆ ತೂಗುಹಾಕಿದ ಮಗ್ಗು

ಚಿಪ್ಸ್ ಕಾರ್ಖಾನೆಯ ಹಿಂಬದಿ ಕೋಣೆ,
ಸೋಮವಾರ, ಹನ್ನೆರಡನೇ ತಾರೀಖು

ಪ್ರೀತಿಯ ಅಪ್ಪಾ,

ಕಣ್ಣಿನ ಪೊರೆ ತೆಗೆಸಿಕೊಂಡ ಮೇಲೆ ಹೇಗಿದ್ದೀರಿ? ‘ಕಪಾಟಿನ ಮೇಲಿರೋ ಧೂಳನ್ನೂ ಹುಡುಕಿ ತೋರಿಸ್ತಾರೆ’ ಅಂತ ಅಕ್ಕನ ದೂರು. ಅಂದರೆ ಚೆನ್ನಾಗಿಯೇ ಇದ್ದೀರಿ. ಮೂರು ತಿಂಗಳಿಂದ ನನ್ನ ಫೋನನ್ನು ಮಾತ್ರ ನೀವು ಎತ್ತುತ್ತಿಲ್ಲ, ಅದಕ್ಕೇ ಈ ಕಾಗದ. ಇದನ್ನು ಅರ್ಧಕ್ಕೆ ಕಟ್ ಮಾಡಲಾಗುವುದಿಲ್ಲವಲ್ಲ!

ನೀವು ಮುನಿಸಿಕೊಂಡು ಅಕ್ಕನ ಮನೆಗೆ ಹೊರಟ ದಿನ ಅಂದ ಮಾತು ನೆನಪಿದೆ. ‘ಮೂವತ್ತು ವರ್ಷ ಆ ಕಾರ್ಖಾನೆ ಚರಂಡಿ ಕಾದೆ. ಅದು ನನ್ನ ತಲೆಗೇ ಮುಗೀಲಿ ಅಂತ ನಿನ್ನನ್ನ ಓದಿಸಿದೆ. ನೀನು ಓದಿ ಬಂದು ಅದೇ ಚರಂಡಿಗೆ ಇಳಿದ್ಯಲ್ಲ!’ ಇಳಿದೆ ಅಪ್ಪಾ, ಬೇಕಂತಲೇ ಇಳಿದೆ. ನಿಮ್ಮ ಕಾಲದಲ್ಲಿ ಆಲೂಗಡ್ಡೆ ತೊಳೆದ ನೀರು ತಿಳಿಯಾದ ಮೇಲೆ ಹಳ್ಳ ಸೇರುತ್ತಿತ್ತು. ಈಗ ಮೊದಲ ತೊಟ್ಟಿಯಲ್ಲಿ ಸೂಕ್ಷ್ಮಜೀವಿಗಳು ಅದರಲ್ಲಿರುವ ಹಿಟ್ಟನ್ನು ಹೊಟ್ಟೆ ಬಿರಿಯ ತಿನ್ನುತ್ತವೆ, ಎರಡನೆಯದರಲ್ಲಿ ಗಸಿ ತಳಕ್ಕಿಳಿಯುತ್ತದೆ. ಗಸಿ ಒಣಗಿಸಿದರೆ ಗೊಬ್ಬರ, ಮೇಲಿನ ತಿಳಿ ಪಕ್ಕದ ನರ್ಸರಿಯ ಸಸಿಗಳ ಬುಡಕ್ಕೆ. ಒಂದು ಹನಿಯೂ ಹಳ್ಳಕ್ಕಿಲ್ಲ.

ಮೊದಲ ಸಲ ಎಡವಿದೆ, ಒಪ್ಪಿಕೊಳ್ಳುತ್ತೇನೆ. ಟೈಮರ್ ಎರಡು ಗಂಟೆ ಆಯಿತು ಎಂದಿತು, ನಾನು ವಾಲ್ವ್ ತಿರುಗಿಸಿದೆ. ಆ ಚಳಿಗೆ ಗಸಿ ಇನ್ನೂ ಕೂತಿರಲೇ ಇಲ್ಲ. ನರ್ಸರಿಯಮ್ಮನ ಎರಡು ಮಡಿ ಟೊಮೇಟೊ ಸಸಿಗಳ ಬುಡ ಅಂಟುಕಟ್ಟಿ, ಎಲೆಯೆಲ್ಲ ಹಳದಿಯಾಯಿತು. ‘ನಿಮ್ಮಪ್ಪ ಇದ್ದಿದ್ರೆ ಹೀಗಾಗ್ತಿರ್ಲಿಲ್ಲ’ ಅಂದರು. ಮೊದಲು ಸಿಟ್ಟು ಬಂತು, ಆಮೇಲೆ ನಾಚಿಕೆ. ಕೋಣೆಗೆ ಬಂದು ನೋಡಿದರೆ ಮೊಳೆಯಲ್ಲಿ ನಿಮ್ಮ ಬಿಳಿ ಎನಾಮೆಲ್ ಮಗ್ಗು, ಗಂಟು ಹಾಕಿದ ದಾರದ ಸಮೇತ! ಅದನ್ನು ತೊಟ್ಟಿಯ ನೀರಿಗೆ ಇಳಿಬಿಟ್ಟು, ದಾರದ ಎರಡನೇ ಗಂಟು ಮುಳುಗಿದಾಗಲೂ ಮಗ್ಗಿನ ತಳ ಕಂಡರೆ ‘ತಿಳೀತು!’ ಎಂದು ಕೂಗಿ ವಾಲ್ವ್ ತೆರೆಯುತ್ತಿದ್ದಿರಿ. ನಾನು ಚಿಕ್ಕವಳಿದ್ದಾಗ ನಿಮಗೇನೋ ದೊಡ್ಡ ವಿಷಯ ಹೊಳೆದಿದೆ ಎಂದೇ ತಿಳಿದಿದ್ದೆ.

ಅಂದಿನಿಂದ ಟೈಮರಿಗೆ ರಜೆ. ಅದೇ ಮಡಿಗಳಲ್ಲಿ ಹೊಸ ಸಸಿಗಳು ಗೇಣೆತ್ತರ ಎದ್ದು ನಿಂತಿವೆ. ನಿಮ್ಮ ಕೆಲಸ ಕೀಳೆಂದು ನನಗೆ ಯಾವತ್ತೂ ಅನಿಸಿಲ್ಲ ಅಪ್ಪಾ. ನಿಮಗೇ ಹಾಗನಿಸಿತ್ತು ಎಂಬುದೇ ನನಗೆ ಸಂಕಟ. ‘ಕದಡಿದ ನೀರಿನ ಜೊತೆ ಜಗಳ ಆಡಬಾರದು, ಬಿಟ್ರೆ ತಾನೇ ತಿಳಿಯಾಗುತ್ತೆ’ ಅನ್ನುತ್ತಿದ್ದವರು ನೀವೇ ತಾನೆ? ಮೂರು ತಿಂಗಳು ಬಿಟ್ಟು ನೋಡಿದ್ದೇನೆ.

ಕಣ್ಣಿಗೆ ಹನಿ ಹಾಕಿಕೊಳ್ಳುವುದನ್ನು ಮರೆಯಬೇಡಿ. ಅಕ್ಕನಿಗೂ ಭಾವನಿಗೂ ನನ್ನ ನೆನಪು ತಿಳಿಸಿ.

ನಿಮ್ಮಷ್ಟೇ ಹಟಮಾರಿಯಾದ
ಕಿರಿಮಗಳು

ತಾ.ಕ.: ಗುರುವಾರ ನರ್ಸರಿಗೆ ತಿಳಿನೀರಿನ ಮೊದಲ ದೊಡ್ಡ ಕಂತು, ನೂರು ಕ್ಯಾನ್, ಹೊರಡಬೇಕು. ನರ್ಸರಿಯಮ್ಮನ ಷರತ್ತು ಒಂದೇ: ‘ನಿಮ್ಮಪ್ಪ ತಿಳೀತು ಅಂದ್ರೆ ಮಾತ್ರ ಒಯ್ತೀನಿ.’ ಹೂಂ ಅಂದುಬಿಟ್ಟಿದ್ದೇನೆ. ಬೆಳಗಿನ ಮೊದಲ ಬಸ್ಸು ಹತ್ತಿ. ಮಗ್ಗು ನಾನು ಇಳಿಸುತ್ತೇನೆ, ಹೊಸ ಕಣ್ಣಿಂದ ನೀವು ನೋಡಿ. ನೀವು ಕೂಗುವವರೆಗೆ ವಾಲ್ವ್ ಮುಟ್ಟುವುದಿಲ್ಲ.